ಘಾಟಿ ಇಳಿಯುವ ಕಾರಿಗೆ ದೊಡ್ಡ ಡಿಸ್ಕ್: ಮನೆಯಲ್ಲೇ ಹಾಕಬಹುದಾ?

ಪ್ರಶ್ನೆ: ನನ್ನದು 2005ರ ಸ್ಕೋಡಾ ಆಕ್ಟೇವಿಯಾ, 1.8 ಟರ್ಬೊ ಪೆಟ್ರೋಲ್. ಮನೆ ತೀರ್ಥಹಳ್ಳಿಯಲ್ಲಿ. ತಿಂಗಳಿಗೆ ಎರಡು ಸಲವಾದರೂ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇವೆ. ಕಳೆದ ಸಲ ಐದು ಜನ, ಡಿಕ್ಕಿ ತುಂಬ ಲಗೇಜು. ಸೋಮೇಶ್ವರ ಹತ್ತಿರ ಬರುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು. ಮುಂದಿನ ಗಾಲಿಯ ಬ್ರೇಕ್ ಡಿಸ್ಕ್ ಅಳೆದು ನೋಡಿದೆ, 288 ಮಿ.ಮೀ. ಇದೆ. ಅದೇ ಬಳಗದ ದೊಡ್ಡ ಗಾಡಿಗಳ 312 ಮಿ.ಮೀ. ಡಿಸ್ಕ್ ಇದಕ್ಕೆ ಕೂರುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಆಯಿಲ್ ಬದಲಿಸುವುದು, ಪ್ಯಾಡ್ ಹಾಕುವುದು ಇಂಥ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ?

ಉತ್ತರ: ಮಾಡಬಹುದು. ಪ್ಯಾಡ್ ಬದಲಿಸಿ ಅಭ್ಯಾಸ ಇರುವವರಿಗೆ ಇದು ಒಂದು ದಿನದ ಕೆಲಸ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 312 ಅನ್ನುವ ಅಂಕಿ ಅಲ್ಲ, 'ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು' ಅನ್ನುವ ಮಾತು. ಮೊದಲು ಅದನ್ನು ಸರಿಮಾಡಿಕೊಳ್ಳೋಣ. ಅದು ಸರಿಯಾಗದೆ ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಇನ್ನೊಂದು ದಿನ ಅದೇ ತಿರುವಿನಲ್ಲಿ ಅದೇ ಕಥೆ ಆಗುತ್ತದೆ.

ಬಿಸಿಯಾದಾಗ ಬ್ರೇಕ್ ಎರಡು ಥರ ಕೈಕೊಡುತ್ತದೆ. ಪೆಡಲ್ ಗಟ್ಟಿಯಾಗೇ ಇದ್ದು, ಎಷ್ಟು ಒತ್ತಿದರೂ ಗಾಡಿ ನಿಲ್ಲದೆ ಜಾರುತ್ತಿದ್ದರೆ, ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಅಂತ ಅರ್ಥ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಕೆಳಗೆ ಇಳಿದರೆ ಬ್ರೇಕ್ ಆಯಿಲ್ ಕುದಿದಿದೆ ಅಂತ ಅರ್ಥ. ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನಿಮ್ಮ ಕಾಲಿನ ಒತ್ತಡವೆಲ್ಲ ಆ ಗುಳ್ಳೆ ಅದುಮುವುದಕ್ಕೇ ಹೋಗುತ್ತದೆ. ಕೆಳಗಿಳಿದು ಚಹಾ ಕುಡಿದು ಬರುವಷ್ಟರಲ್ಲಿ ಆವಿ ತಣಿದು ಮತ್ತೆ ದ್ರವವಾಗಿರುತ್ತದೆ, ಪೆಡಲ್ ಗಟ್ಟಿಯಾಗಿರುತ್ತದೆ. 'ಸರಿ ಹೋಯ್ತು' ಅಂದುಕೊಂಡು ಜನ ಮುಂದೆ ಹೋಗಿಬಿಡುತ್ತಾರೆ. ಸರಿ ಹೋಗಿರುವುದಿಲ್ಲ. ನಿಮಗಾದದ್ದು ಈ ಎರಡನೆಯದು.

ಬ್ರೇಕ್ ಆಯಿಲ್ ಅಂತ ನಾವು ಕರೆಯುವುದು ನಿಜವಾಗಿ ಎಣ್ಣೆ ಅಲ್ಲ. ಗಾಳಿಯಲ್ಲಿರುವ ತೇವವನ್ನು ಅದು ನಿಧಾನವಾಗಿ ಎಳೆದುಕೊಳ್ಳುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ನೂರಕ್ಕೆ ಮೂರೂವರೆ, ನಾಲ್ಕು ಪಾಲು ನೀರು ಸೇರಿಕೊಂಡರೆ ಅದೇ ಆಯಿಲ್‌ಗೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಮಲೆನಾಡಿನ ಮಳೆಗಾಲ, ಕರಾವಳಿಯ ಸೆಕೆ ಎರಡನ್ನೂ ನೋಡುವ ಗಾಡಿ ನಿಮ್ಮದು. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಕೊನೆಯ ಸಲ ಯಾವಾಗ ಬದಲಿಸಿದ್ದು ಅಂತ ನೀವು ಬರೆದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಬಹಳ ಸಲ ಉತ್ತರ 'ಗೊತ್ತಿಲ್ಲ' ಅಂತಲೇ ಬರುತ್ತದೆ.

ಹಾಗಾಗಿ ಮೊದಲ ಕೆಲಸ ಇದು: ನಾಲ್ಕೂ ಗಾಲಿಯಲ್ಲಿ ಹಳೆ ಆಯಿಲ್ ಪೂರ್ತಿ ತೆಗೆಸಿ, ಸೀಲ್ ಒಡೆಯದ ಡಬ್ಬಿಯ ಡಾಟ್ 4 ಹಾಕಿಸಿ. ಡಾಟ್ 5.1 ಕೂಡ ಆಗುತ್ತದೆ. ಬರೀ ಡಾಟ್ 5 ಅಂತ ಬರೆದಿರುವುದು ಮಾತ್ರ ಬೇಡ. ಅದು ಸಿಲಿಕೋನ್, ನಿಮ್ಮ ಗಾಡಿಗೆ ಸೇರುವುದಿಲ್ಲ. 20 ವರ್ಷ ಹಳೆಯ ರಬ್ಬರ್ ಹೋಸ್‌ಗಳು ಇನ್ನೂ ಇದ್ದರೆ ಅವನ್ನೂ ಇದೇ ಹೊತ್ತಿಗೆ ಬದಲಿಸಿ. ಒತ್ತಿದಾಗ ಉಬ್ಬುವ ಹೋಸ್ ಕೂಡ ಪೆಡಲನ್ನು ಮೆತ್ತಗೆ ಮಾಡುತ್ತದೆ. ಈ ಆಯಿಲ್, ಹೋಸ್ ಕೆಲಸವನ್ನು ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಳ ಬ್ಲೀಡಿಂಗ್, ಅಂದರೆ ಆಯಿಲ್ ದಾರಿಯಿಂದ ಗಾಳಿ ತೆಗೆಯುವ ಕೆಲಸ, ಗೊತ್ತಿರುವ ಗ್ಯಾರೇಜಿನಲ್ಲೇ ಮಾಡಿಸಿ ಅಂತ ನನ್ನ ಸಲಹೆ. ಒಂದು ಗಾಳಿ ಗುಳ್ಳೆ ಒಳಗೆ ಉಳಿದರೂ ಅದು ನಿಮ್ಮ ಮನೆಯವರನ್ನು ಕೂರಿಸಿಕೊಂಡೇ ಘಾಟಿ ಇಳಿಯುತ್ತದೆ.

ಈಗ ದೊಡ್ಡ ಡಿಸ್ಕ್‌ನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ನೋಡೋಣ.

ಗಾಡಿ ಕಡಿಮೆ ದೂರದಲ್ಲಿ ನಿಲ್ಲುತ್ತದೆ ಅಂತ ತುಂಬ ಜನ ನಂಬಿದ್ದಾರೆ. ನಿಮ್ಮ ಈಗಿನ ಬ್ರೇಕ್ ತಣ್ಣಗಿದ್ದಾಗ ಜೋರಾಗಿ ಒತ್ತಿದರೆ ಎಬಿಎಸ್ ಗಡಗಡ ಅನ್ನುತ್ತದೆ ಅಲ್ವಾ? ಅಂದರೆ ಟೈರು ತಡೆಯುವುದಕ್ಕಿಂತ ಜಾಸ್ತಿ ಬಲ ಬ್ರೇಕಿಗೆ ಈಗಾಗಲೇ ಇದೆ. ಆ ಒಂದು ಸಲದ ನಿಲುಗಡೆಯನ್ನು ತೀರ್ಮಾನಿಸುವುದು ಟೈರು. ಸವೆದ ಟೈರು ಇಟ್ಟುಕೊಂಡು ಡಿಸ್ಕ್‌ಗೆ ದುಡ್ಡು ಹಾಕಬೇಡಿ.

ದೊಡ್ಡ ಡಿಸ್ಕ್ ಕೊಡುವುದು ಬಿಸಿ ತಡೆಯುವ ಶಕ್ತಿ. ಗಾಡಿಯ ಓಟವನ್ನೆಲ್ಲ ಬ್ರೇಕು ಶಾಖವಾಗಿ ಮಾಡುತ್ತದೆ, ಆ ಶಾಖ ಡಿಸ್ಕ್‌ನ ಕಬ್ಬಿಣದೊಳಗೆ ಕೂರಬೇಕು, ಆಮೇಲೆ ಗಾಳಿಗೆ ಹೋಗಬೇಕು. ಆಗುಂಬೆ ಘಾಟಿಯನ್ನೇ ಲೆಕ್ಕ ಹಾಕಿ. 14 ಹೇರ್‌ಪಿನ್ ತಿರುವು, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರದ ಇಳಿತ. ಅಷ್ಟು ಎತ್ತರದಿಂದ ಗಾಡಿಯನ್ನು ಬರೀ ಬ್ರೇಕ್ ಮೇಲೆ ಇಳಿಸಿದರೆ ಹುಟ್ಟುವ ಶಾಖ, 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸುವುದನ್ನು 12-13 ಸಲ ಬೆನ್ನುಬೆನ್ನಿಗೆ ಮಾಡಿದಷ್ಟು. ಟೈರಿನ ಎಳೆತ, ಗಾಳಿಯ ತಡೆ ಅದರಲ್ಲಿ ಒಂದು ಪಾಲು ತಿಂದರೂ ಉಳಿದದ್ದು ಸಣ್ಣದಲ್ಲ. ಅದರ ಜೊತೆ ಇಲ್ಲಿ ವೇಗ ಕಡಿಮೆ. ಡಿಸ್ಕ್‌ನ ನಡುವಿನ ಸಂದಿಗಳಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ. ಕಬ್ಬಿಣ ಜಾಸ್ತಿ ಇದ್ದಷ್ಟೂ ಅದೇ ಶಾಖಕ್ಕೆ ಕಡಿಮೆ ಕಾಯುತ್ತದೆ, ಪ್ಯಾಡ್ ಮೂಲಕ ಆಯಿಲ್‌ಗೆ ಹೋಗುವ ಬಿಸಿಯೂ ಕಡಿಮೆಯಾಗುತ್ತದೆ. ಘಾಟಿಯವರಿಗೆ ದೊಡ್ಡ ಡಿಸ್ಕ್ ಒಳ್ಳೆಯದು ಅಂತ ನಾನು ಹೇಳುವುದು ಈ ಕಾರಣಕ್ಕೆ.

ಆದರೂ ಹತ್ತುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಇಳಿಯುವಾಗ ಅದೇ ಗೇರು, ಈ ಹಳೆಯ ಲಾರಿ ಡ್ರೈವರ್‌ಗಳ ಮಾತಿಗೆ ಸಮನಾದ ಪಾರ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸೆಕೆಂಡ್ ಗೇರಿನಲ್ಲಿ ಬಿಡಿ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಕಾಲು ಪೂರ್ತಿ ತೆಗೆಯಿರಿ. ಪೆಡಲ್ ಮೇಲೆ ಸುಮ್ನೆ ಕಾಲಿಟ್ಟುಕೊಂಡೇ ಇಳಿಯುವುದು ಬ್ರೇಕನ್ನು ಬೇಯಿಸಿದ ಹಾಗೆ.

ಇನ್ನು ನಿಮ್ಮ ಗಾಡಿಗೆ ಬರುತ್ತೇನೆ. ಮೊದಲ ತಲೆಮಾರಿನ ಆಕ್ಟೇವಿಯಾ, ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್, ಮೊದಲ ಆಡಿ ಟಿಟಿ ಇವೆಲ್ಲ ಒಂದೇ ಅಡಿಪಾಯದ ಮೇಲೆ ಕಟ್ಟಿದ ಗಾಡಿಗಳು. ಟಿಟಿಗೆ ಮುಂದೆ 312 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಡಿಸ್ಕ್ ಕೊಟ್ಟಿದ್ದರು. ನಿಮ್ಮ 288ರದ್ದೂ 25 ಮಿ.ಮೀ. ದಪ್ಪವೇ. ಚಂದ ಇರುವುದು ಇಲ್ಲೇ: ಎರಡಕ್ಕೂ ಕ್ಯಾಲಿಪರ್ (ಆಯಿಲ್ ಒತ್ತಡಕ್ಕೆ ಪಿಸ್ಟನ್ ಮುಂದೆ ಬಂದು ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಒಂದೇ, 54 ಮಿ.ಮೀ. ಪಿಸ್ಟನ್ನಿನದು. ಬದಲಾಗುವುದು ಕ್ಯಾರಿಯರ್. ನಮ್ಮ ಮೆಕ್ಯಾನಿಕ್‌ಗಳು ಬ್ರಾಕೆಟ್ ಅಂತಲೂ ಕರೆಯುತ್ತಾರೆ. ಪ್ಯಾಡ್‌ಗಳನ್ನು ಹಿಡಿದುಕೊಂಡು, ಎರಡು ದಪ್ಪ ಬೋಲ್ಟಿನಲ್ಲಿ ಗಾಲಿಯ ನಕಲ್‌ಗೆ, ಅಂದರೆ ಗಾಲಿಯನ್ನು ಹೊತ್ತಿರುವ ಕಬ್ಬಿಣದ ತುಂಡಿಗೆ, ಕೂರುವ ಕಬ್ಬಿಣದ ಚೌಕಟ್ಟು ಅದು. 312ರ ಕ್ಯಾರಿಯರ್ ನಿಮ್ಮ ಅದೇ ಕ್ಯಾಲಿಪರನ್ನು 12 ಮಿ.ಮೀ. ಹೊರಗೆ ಕೂರಿಸುತ್ತದೆ, ಅಷ್ಟೇ.

ಪಿಸ್ಟನ್ ಅದೇ ಆದ್ದರಿಂದ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಗಾಲಿಗಳ ಕಡೆಗೆ ತಳ್ಳುವ ಭಾಗ) ತಳ್ಳುವ ಆಯಿಲ್ ಅಷ್ಟೇ ಸಾಕು. ಪೆಡಲ್ ಇಳಿಯುವ ದೂರ ಬದಲಾಗುವುದಿಲ್ಲ. ಪ್ಯಾಡ್ ಹಿಡಿಯುವ ಜಾಗ ಗಾಲಿಯ ನಡುವಿನಿಂದ ಸುಮಾರು 118 ಮಿ.ಮೀ. ದೂರ ಇದ್ದದ್ದು 130ಕ್ಕೆ ಹೋಗುತ್ತದೆ. ಬಾವಿಯ ರಾಟೆಯ ಹಿಡಿಯನ್ನು ಸ್ವಲ್ಪ ಉದ್ದ ಮಾಡಿದ ಹಾಗೆ. ಅದೇ ಒತ್ತಡಕ್ಕೆ ನೂರಕ್ಕೆ ಹತ್ತರಷ್ಟು ಹಿಡಿತ ಜಾಸ್ತಿ. ಮುಂದಿನ ಗಾಲಿಗೆ ಬ್ರೇಕಿನ ಪಾಲು ಒಂಚೂರು ಹೆಚ್ಚಾಗುತ್ತದೆ, ಅದು ಕ್ಷೇಮದ ದಿಕ್ಕು. ಹಿಂದಿನ ಗಾಲಿ ಮೊದಲು ಕಚ್ಚಿಕೊಂಡರೆ ಗಾಡಿ ತಿರುಗಿಬಿಡುತ್ತದೆ, ಮುಂದಿನದು ಮೊದಲು ಕಚ್ಚಿಕೊಂಡರೆ ನೇರ ಹೋಗುತ್ತದೆ. ಹಿಂದಿನ ಬ್ರೇಕನ್ನು ನೀವು ಮುಟ್ಟಬೇಕಾಗಿಲ್ಲ.

ಬೇರೆ ಗಾಡಿ ಇರುವವರೂ ಇದನ್ನು ಓದುತ್ತಿರಬಹುದು. ಅವರಿಗೆ ಇಷ್ಟು ಹೇಳಬೇಕು: ದೊಡ್ಡ ಡಿಸ್ಕ್ ಜೊತೆ ದೊಡ್ಡ ಪಿಸ್ಟನ್ನಿನ ಕ್ಯಾಲಿಪರೂ ಬಂದರೆ ಲೆಕ್ಕ ಬೇರೆಯಾಗುತ್ತದೆ. 54 ಹೋಗಿ 57 ಬಂತು ಅನ್ನಿ. ಮೂರೇ ಮಿ.ಮೀ. ಅನಿಸುತ್ತದೆ, ಆದರೆ ಪಿಸ್ಟನ್ನಿನ ಮುಖದ ವಿಸ್ತೀರ್ಣ ನೂರಕ್ಕೆ ಹನ್ನೊಂದರಷ್ಟು ಜಾಸ್ತಿಯಾಗುತ್ತದೆ. ಅದನ್ನು ತುಂಬಲು ಅಷ್ಟೇ ಜಾಸ್ತಿ ಆಯಿಲ್ ಬೇಕು. ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದರೆ ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. 'ಅದೇ ಕಂಪನಿಯದು, ಬೋಲ್ಟ್ ಕೂರುತ್ತೆ' ಅನ್ನುವುದು ಸಾಲದು.

ಪಾರ್ಟು ಹುಡುಕುವಾಗ ಒಂದು ಬಲೆ ಇದೆ, ನಾನೇ ಅದರಲ್ಲಿ ಬಿದ್ದಿದ್ದೇನೆ. ವರ್ಷಗಳ ಹಿಂದೆ ಇದೇ ಕೆಲಸಕ್ಕೆ ಬೆಂಗಳೂರಿನ ಒಂದು ಹಳೆ ಪಾರ್ಟಿನ ಅಂಗಡಿಯಿಂದ ಒಂದು ಜೊತೆ ಡಿಸ್ಕ್ ತಂದೆ. ಟೇಪ್ ಹಿಡಿದರೆ ಸರಿಯಾಗಿ 312, ದಪ್ಪ 25, ತುಕ್ಕೂ ಇರಲಿಲ್ಲ. ಮನೆಗೆ ತಂದು ಗಾಲಿಯ ಹಬ್‌ಗೆ (ಡಿಸ್ಕ್, ಗಾಲಿ ಎರಡೂ ಬೋಲ್ಟಾಗುವ ನಡುಭಾಗ) ಹಿಡಿದರೆ ಐದು ತೂತಿನಲ್ಲಿ ಒಂದೂ ತಾಳೆಯಾಗಲಿಲ್ಲ. ಅದು ಎರಡನೇ ತಲೆಮಾರಿನ ಆಕ್ಟೇವಿಯಾದ ಡಿಸ್ಕ್, ಅಂದರೆ ಇಲ್ಲಿ ಸ್ಕೋಡಾ ಲಾರಾ ಅಂತ ಬಂತಲ್ಲ, ಆ ಬಳಗದ್ದು. ಅದರ ಐದು ಬೋಲ್ಟು 112 ಮಿ.ಮೀ. ವೃತ್ತದಲ್ಲಿ ಕೂರುತ್ತವೆ. ನಿಮ್ಮ ಗಾಡಿಯದು 100 ಮಿ.ಮೀ. ಲೇತಿನವರು 'ಹೊಸ ತೂತು ಹೊಡೆದು ಕೊಡ್ತೀನಿ' ಅಂದರು. ದಯವಿಟ್ಟು ಯಾರೂ ಆ ಕೆಲಸ ಮಾಡಿಸಬೇಡಿ. ಡಿಸ್ಕ್‌ನ ಟೋಪಿಯಂಥ ನಡುಭಾಗದ ಆಳವೂ ಬೇರೆ ಇರಬಹುದು, ಆಗ ಡಿಸ್ಕ್ ಕ್ಯಾಲಿಪರಿನ ನಡುವೆ ಕೂರುವುದಿಲ್ಲ. ಕೇಳುವಾಗ '312 ಡಿಸ್ಕ್' ಅನ್ನಬೇಡಿ, 'ಮೊದಲ ಟಿಟಿಯ 312, ಐದು ಬೋಲ್ಟು ನೂರು' ಅನ್ನಿ.

ಕ್ಯಾರಿಯರ್ ಹಳೆಯದು ತಂದರೂ ಪರವಾಗಿಲ್ಲ, ಬಿರುಕು ಇರಬಾರದು, ಬೋಲ್ಟಿನ ಮರೆ (ಥ್ರೆಡ್) ಕೆಟ್ಟಿರಬಾರದು. ಡಿಸ್ಕ್ ಮತ್ತು ಪ್ಯಾಡ್ ಮಾತ್ರ ಹೊಸದೇ ತನ್ನಿ. ಎಟಿಇ, ಬ್ರೆಂಬೊ ಥರದ ಹೆಸರಿನ ಕಂಪನಿಗಳದ್ದು ಸಿಗುತ್ತದೆ. ಅರ್ಧ ಬೆಲೆಗೆ ಅದೇ ಹೆಸರಿನ ಡಬ್ಬಿ ಕೊಡುವವರಿಂದ ದೂರ ಇರಿ. ನಿಮ್ಮ ಈಗಿನ ಪ್ಯಾಡ್‌ನಿಂದ ಸವೆತ ತಿಳಿಸುವ ತಂತಿ ಬಂದಿದ್ದರೆ ತಂತಿ ಇರುವ ಪ್ಯಾಡನ್ನೇ ಕೇಳಿ. ಕ್ಯಾರಿಯರ್ ಬೋಲ್ಟುಗಳನ್ನೂ ಹೊಸದು ತೆಗೆದುಕೊಳ್ಳಿ.

ದುಡ್ಡು ಕೊಡುವ ಮುಂಚೆ ಗಾಲಿ ನೋಡಿ. 15 ಇಂಚಿನ ಗಾಲಿಯೊಳಗೆ 312 ಕೂರುವುದಿಲ್ಲ. ಕನಿಷ್ಠ 16 ಬೇಕು. 16ರಲ್ಲೂ ಕೆಲವು ಅಲಾಯ್‌ಗಳ ಕಡ್ಡಿ ಒಳಕ್ಕೆ ಬಾಗಿದ್ದು ಕ್ಯಾಲಿಪರಿಗೆ ತಗಲುತ್ತದೆ. ನಾನು ಮಾಡುವುದು ಹೀಗೆ. ಈಗಿರುವ ಕ್ಯಾಲಿಪರಿನ ಹೊರ ಅಂಚಿನ ಆಕಾರಕ್ಕೆ ದಪ್ಪ ರಟ್ಟು ಕತ್ತರಿಸುತ್ತೇನೆ. ಅದಕ್ಕೆ ಹೊರಬದಿಗೆ 12 ಮಿ.ಮೀ. ಸೇರಿಸಿ ಇನ್ನೊಂದು ರಟ್ಟು ಕತ್ತರಿಸುತ್ತೇನೆ. ಗಾಲಿ ಬಿಚ್ಚಿ ಮಲಗಿಸಿ, ಆ ರಟ್ಟನ್ನು ಒಳಗೆ ಇಟ್ಟು ನಡುವಿನ ಸುತ್ತ ತಿರುಗಿಸಿ ನೋಡುತ್ತೇನೆ. ಎಲ್ಲ ಕಡೆ 3 ಮಿ.ಮೀ. ಸಂದು ಉಳಿದರೆ ನೆಮ್ಮದಿ. ಅಲಾಯ್ ಒಳಬದಿಗೆ ಅಂಟಿಸುವ ಬ್ಯಾಲೆನ್ಸ್ ತೂಕದ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸ್ಟೆಪ್ನಿಯನ್ನು ಎಲ್ಲರೂ ಮರೆಯುತ್ತಾರೆ. ಡಿಕ್ಕಿಯಲ್ಲಿರುವುದು 15 ಇಂಚಿನ ಕಬ್ಬಿಣದ ಗಾಲಿ ಆಗಿದ್ದರೆ ಅದು ಇನ್ನು ಮುಂದಿನ ಬದಿಗೆ ಕೂರುವುದಿಲ್ಲ. ಘಾಟಿ ಮಧ್ಯೆ ಮುಂದಿನ ಟೈರು ಪಂಕ್ಚರ್ ಆದರೆ, ಸ್ಟೆಪ್ನಿಯನ್ನು ಹಿಂದೆ ಹಾಕಿ ಹಿಂದಿನ ಗಾಲಿಯನ್ನು ಮುಂದಕ್ಕೆ ತರಬೇಕು. ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಒಂದು ಚೀಟಿ ಬರೆದು ಸ್ಟೆಪ್ನಿಯ ಮೇಲೇ ಅಂಟಿಸಿಬಿಡಿ.

ಕೆಲಸದ ದಿನ ಗಾಡಿ ಸಮತಟ್ಟು ನೆಲದಲ್ಲಿರಲಿ, ಹಿಂದಿನ ಗಾಲಿಗೆ ಕಲ್ಲು ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಗಾಡಿ ಸ್ಟ್ಯಾಂಡಿನ ಮೇಲೆ ಕೂರಬೇಕು, ಇಟ್ಟಿಗೆ ಮೇಲೆ ಬೇಡ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ, ಏನಾದರೂ ಸಂಶಯ ಬಂದರೆ ಎದುರಿನ ಬದಿಯನ್ನು ನೋಡಿಕೊಳ್ಳಬಹುದು.

ಕ್ಯಾಲಿಪರನ್ನು ಕ್ಯಾರಿಯರಿಗೆ ಹಿಡಿದಿಡುವ ಎರಡು ಗೈಡ್ ಪಿನ್ 7 ಮಿ.ಮೀ. ಅಲೆನ್ ಕೀಯಲ್ಲಿ ಬಿಚ್ಚುತ್ತವೆ. ಅಲೆನ್ ತೂತಿನ ಕೊಳೆ ಪೂರ್ತಿ ತೆಗೆದು, ಕೀ ಆಳಕ್ಕೆ ಕೂತ ಮೇಲೆ ತಿರುಗಿಸಿ. ಇಲ್ಲದಿದ್ದರೆ ತೂತು ಗುಂಡಗಾಗುತ್ತದೆ. ಕ್ಯಾಲಿಪರ್ ಕೈಗೆ ಬಂದ ಕೂಡಲೇ ಅದನ್ನು ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿ. ಹೋಸ್ ಮೇಲೆ ನೇತಾಡಲು ಬಿಡಬೇಡಿ. ಹೋಸ್ ಬಿಚ್ಚುವ ಕೆಲಸವೇ ಇಲ್ಲಿಲ್ಲ. ಆಯಿಲ್ ದಾರಿ ತೆರೆಯದ ಕಾರಣಕ್ಕೇ ಈ ಕೆಲಸ ಮನೆಯಲ್ಲಿ ಮಾಡಬಹುದು ಅಂತ ನಾನು ಧೈರ್ಯವಾಗಿ ಹೇಳುತ್ತಿರುವುದು. ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿ.

ಹಳೆ ಕ್ಯಾರಿಯರ್, ಹಳೆ ಡಿಸ್ಕ್ ತೆಗೆದ ಮೇಲೆ ಕಾಣುವ ಹಬ್‌ನ ಮುಖಕ್ಕೆ ಅರ್ಧ ಗಂಟೆ ಕೊಡಿ. ಕರಾವಳಿಗೆ ಓಡಾಡುವ ಗಾಡಿಯಲ್ಲಿ ಅಲ್ಲಿ ತುಕ್ಕಿನ ಹಕ್ಕಳೆ ಕೂತಿರುತ್ತದೆ. ಕಾಗದದಷ್ಟು ತೆಳ್ಳಗಿನ ಒಂದು ಹಕ್ಕಳೆ ಡಿಸ್ಕ್ ಹಿಂದೆ ಸಿಕ್ಕಿಕೊಂಡರೂ ಡಿಸ್ಕ್‌ನ ಹೊರ ಅಂಚಿನಲ್ಲಿ ಆ ಓರೆ ಎರಡರಷ್ಟಾಗುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಲು ಶುರುವಾಗುತ್ತದೆ. ಜನ ಡಿಸ್ಕ್ ಬೆಂಡ್ ಆಯ್ತು ಅಂತ ಹೊಸ ಡಿಸ್ಕನ್ನು ಬೈಯುತ್ತಾರೆ. ವೈರ್ ಬ್ರಷ್, ಆಮೇಲೆ ಎಮ್ರಿ ಪೇಪರ್ ಹಾಕಿ ಬೆರಳು ಸವರಿದರೆ ಎಲ್ಲೂ ಗಂಟು ಸಿಗದಷ್ಟು ನುಣ್ಣಗೆ ಮಾಡಿ. ಹೊಸ ಡಿಸ್ಕ್‌ಗೆ ಹಚ್ಚಿರುವ ಎಣ್ಣೆಯನ್ನು ಕ್ಲೀನರಿನಲ್ಲಿ ತೊಳೆಯಿರಿ.

ಡಿಸ್ಕ್ ಹಿಂದಿರುವ ತಗಡಿನ ಮರೆ 288ರ ಅಳತೆಯದು. ದೊಡ್ಡ ಡಿಸ್ಕ್‌ಗೆ ಅದು ಉಜ್ಜುತ್ತದೆ. ಅಂಚನ್ನು ಹಿಂದಕ್ಕೆ ಬಗ್ಗಿಸಿ, ಇಲ್ಲವಾದರೆ 312ರ ತಗಡನ್ನೇ ಹಾಕಿ. ಪೂರ್ತಿ ಕಿತ್ತು ಬಿಸಾಡಬೇಡಿ, ಮಳೆಗಾಲದ ಕೆಸರು ತಡೆಯುವುದು ಅದೇ.

ಬಿಗಿಯ ಲೆಕ್ಕ ಇದು: ಕ್ಯಾರಿಯರ್ ಬೋಲ್ಟಿಗೆ 125 ನ್ಯೂಟನ್ ಮೀಟರ್, ಗೈಡ್ ಪಿನ್‌ಗೆ 28, ಗಾಲಿಯ ಬೋಲ್ಟಿಗೆ 120. ಬಿಗಿ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಸಾಲ ತನ್ನಿ, ಕೈ ಅಂದಾಜು ಇಲ್ಲಿ ಬೇಡ. ಗೈಡ್ ಪಿನ್ ಒರೆಸಿ, ರಬ್ಬರಿಗೆ ಒಗ್ಗುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಮಾಮೂಲಿ ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಹಿಡಿದುಕೊಳ್ಳುತ್ತದೆ. ಹೊಸ ಪ್ಯಾಡ್ ದಪ್ಪ ಇರುವುದರಿಂದ ಪಿಸ್ಟನ್ನನ್ನು ನಿಧಾನವಾಗಿ ಒಳಗೆ ತಳ್ಳಬೇಕು. ತಳ್ಳುವಾಗ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ತುಂಬಿ ಚೆಲ್ಲಿದರೆ ಪೇಂಟ್ ತಿನ್ನುತ್ತದೆ, ಆಗಾಗ ನೋಡಿಕೊಳ್ಳಿ.

ಎಲ್ಲ ಕೂರಿಸಿ ಗಾಡಿ ಇಳಿಸಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲೇ ಪೆಡಲನ್ನು ಹತ್ತಾರು ಸಲ ಒತ್ತಿ. ಪಿಸ್ಟನ್ ಹಿಂದೆ ಹೋಗಿರುತ್ತದೆ ನೋಡಿ, ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ. ಇದನ್ನು ಮರೆತು ಗಾಡಿ ಹಿಂದೆ ತೆಗೆದವರ ಕಾಂಪೌಂಡ್ ಗೋಡೆಗಳನ್ನು ನಾನು ಕಂಡಿದ್ದೇನೆ. ಪೆಡಲ್ ಗಟ್ಟಿಯಾದ ಮೇಲೆ ಸ್ಟಾರ್ಟ್ ಮಾಡಿ ಇನ್ನೊಮ್ಮೆ ಒತ್ತಿ ಹಿಡಿಯಿರಿ. ಅರ್ಧ ನಿಮಿಷದಲ್ಲಿ ನಿಧಾನವಾಗಿ ಇಳಿಯುತ್ತಾ ಹೋದರೆ ಗಾಡಿ ಹೊರಗೆ ತೆಗೆಯಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಹೊಸ ಪ್ಯಾಡು, ಹೊಸ ಡಿಸ್ಕು ಒಂದಕ್ಕೊಂದು ಒಗ್ಗಬೇಕು. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ನಿಲ್ಲಿಸದೆ ಮತ್ತೆ ವೇಗ ಹಿಡಿಯಿರಿ. ಹೀಗೆ ಎಂಟು-ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣ್ಣಗಾಗಲು ಬಿಡಿ. ಕಾದಿರುವಾಗ ನಿಂತು ಪೆಡಲ್ ಒತ್ತಿ ಹಿಡಿದರೆ ಡಿಸ್ಕ್ ಮೇಲೆ ಪ್ಯಾಡಿನ ಅಚ್ಚು ಬೀಳುತ್ತದೆ.

ಕಾನೂನಿನ ಮಾತೂ ಇದೆ. ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಡಿಸ್ಕ್‌ನ ಅಳತೆ ಆರ್‌ಸಿಯಲ್ಲಿ ಬರೆದಿರುವುದಿಲ್ಲ. ಆದರೂ ಮಾಡಿದ ಬದಲಾವಣೆಯನ್ನು ವಿಮಾ ಕಂಪನಿಗೆ ಬರೆದು ತಿಳಿಸಿ, ಉತ್ತರವನ್ನು ಬಿಲ್ ಜೊತೆ ಇಟ್ಟುಕೊಳ್ಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ತಿಂಗಳು ಆಯಿಲ್ ಮತ್ತು ಹೋಸ್ ಮಾಡಿಸುತ್ತಿದ್ದೆ. ಸೆಕೆಂಡ್ ಗೇರಿನಲ್ಲಿ ಎರಡು ಸಲ ಘಾಟಿ ಇಳಿದು ನೋಡುತ್ತಿದ್ದೆ. ಐದು ಜನ ಕೂತಾಗ ಆಗಲೂ ವಾಸನೆ ಬಂದರೆ 312 ತರುತ್ತಿದ್ದೆ. ಹಾಕಿದ ಮೇಲೆ ಮೊದಲ 100 ಕಿಲೋಮೀಟರಿಗೆ ಗಾಲಿಯ ಬೋಲ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಅದೇ ದಿನ ಗಾಲಿಯ ಒಳಬದಿಗೆ ಟಾರ್ಚ್ ಬಿಟ್ಟು, ಕ್ಯಾಲಿಪರ್ ಎಲ್ಲಾದರೂ ಉಜ್ಜಿ ಹೊಳೆಯುವ ಗೆರೆ ಬಿದ್ದಿದೆಯಾ ನೋಡಿ. ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲೂ ಎಳೆಯುತ್ತಿಲ್ಲ, ಟೈರಿಗೆ ತಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಆಗುಂಬೆ ಕಡೆ ಹೊರಡಿ.